ಗ್ಯಾಸ್ ಮಾತ್ರೆ ಕೇಳುವ ಮೊದಲು: ಹೃದಯದ ಕಾಯಿಲೆಯನ್ನು ಬೇರಿನಲ್ಲೇ ತಡೆಯುವುದು ಹೇಗೆ

ರಾತ್ರಿ ಒಂಬತ್ತೂವರೆ ಆಗಿತ್ತು. ಅಂಗಡಿ ಬಾಗಿಲು ಅರ್ಧ ಎಳೆದಿದ್ದೆ. ನಲವತ್ತರ ಆಸುಪಾಸಿನ ಒಬ್ಬರು ಬೈಕ್ ನಿಲ್ಲಿಸಿ ಬಂದರು. "ಅಣ್ಣಾ, ಸಂಜಿಕೆ ಮಿರ್ಚಿ ಜಾಸ್ತಿ ತಿಂದ್ಬಿಟ್ಟೆ. ಎದಿ ಹಿಡ್ಕಂಡಂಗ್ ಆಗೈತಿ. ಗ್ಯಾಸಿಂದು ಏನಾರ ಕೊಡ್ರಿ" ಅಂದರು. ಕೊಟ್ಟೆ. ಅವರ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಏಪ್ರಿಲ್ ತಿಂಗಳ ದಾವಣಗೆರೆ, ಬೆವರದೆ ಇರ್ತಾರಾ ಅಂದುಕೊಂಡೆ. ಮಾರನೇ ದಿನ ಬೆಳಿಗ್ಗೆ ಅವರು ಹೋದ ಸುದ್ದಿ ಬಂತು.

ಇದು ನಾನು ಮೆಡಿಕಲ್ ಶಾಪ್ ಇಟ್ಟ ಹೊಸತರ ಮಾತು. ಆ ರಾತ್ರಿ ಅವರನ್ನು ಆಸ್ಪತ್ರೆಗೆ ಕಳಿಸದೇ ಇದ್ದದ್ದು ನನ್ನ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಕಾಯಿಲೆ ಶುರುವಾದದ್ದು ಆ ರಾತ್ರಿ ಅಲ್ಲ. ಮಿರ್ಚಿ ತಿಂದ ಆ ಸಂಜೆಯೂ ಅಲ್ಲ. ಹದಿನೈದು ಇಪ್ಪತ್ತು ವರ್ಷದಿಂದ ಅದು ಒಳಗೊಳಗೇ ನಡೆದಿತ್ತು. ಅಷ್ಟು ವರ್ಷದಲ್ಲಿ ತಡೆಯಲು ಎಷ್ಟೋ ಅವಕಾಶ ಇದ್ದವು. ಆ ಅವಕಾಶಗಳ ಬಗ್ಗೆಯೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಔಷಧಿ ಮಾರುವವನು. ಹಾಗಾಗಿ ಮಾತ್ರೆ ಶುರು ಮಾಡುವುದು, ಬಿಡುವುದು ಡಾಕ್ಟರ ಕೆಲಸ. ಉಳಿದದ್ದರಲ್ಲಿ ಬಹುಪಾಲು ನಿಮ್ಮ ಕೈಯಲ್ಲೇ ಇದೆ.

ಒಳಗೆ ನಡೆಯುವುದೇನು?

ಇದನ್ನು ಓದದೆ ಮುಂದೆ ಹೋಗಬೇಡಿ. ಇದು ಗೊತ್ತಾದರೆ ಉಳಿದದ್ದು ಸುಲಭ.

ನಾಲೆಯಲ್ಲಿ ಹೂಳು ತುಂಬಿದ ಹಾಗೆ ರಕ್ತನಾಳದಲ್ಲಿ ಕೊಬ್ಬು ತುಂಬುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಭದ್ರಾ ನಾಲೆ ನೋಡಿದವರಿಗೆ ಅದು ಬೇಗ ಅರ್ಥವೂ ಆಗುತ್ತದೆ. ಆದರೆ ಆ ಮಾತು ಅರ್ಧ ಮಾತ್ರ ಸರಿ. ಕೊಬ್ಬು ಕೂರುವುದು ನಾಳದ ತಳದಲ್ಲಲ್ಲ, ಗೋಡೆಯ ಒಳಗೆ. ನಾಳದ ಒಳಮೈಗೆ ತೆಳುವಾದ ಪೊರೆ ಇರುತ್ತದೆ. ತಂಬಾಕು, ಜಾಸ್ತಿಯಾದ ಬಿಪಿ, ಜಾಸ್ತಿಯಾದ ಸಕ್ಕರೆ ಆ ಪೊರೆಯನ್ನು ಕೆಡಿಸುತ್ತವೆ. ರಕ್ತದಲ್ಲಿ ಕೊಬ್ಬು ಹೊತ್ತು ತಿರುಗುವ ಎಲ್‌ಡಿಎಲ್ ಕಣಗಳು ಅಲ್ಲಿಂದ ಗೋಡೆಯೊಳಗೆ ನುಸುಳಿ ಸಿಕ್ಕಿಕೊಳ್ಳುತ್ತವೆ. ಅವನ್ನು ತೆಗೆಯಲು ಬಂದ ಬಿಳಿ ರಕ್ತಕಣಗಳು ಕೊಬ್ಬು ತಿಂದು ತಿಂದು ಅಲ್ಲೇ ಸಾಯುತ್ತವೆ. ಗೋಡೆ ಊದುತ್ತದೆ.

ಹೂಳಿಗಿಂತ ಇದನ್ನು ಕುರುವಿಗೆ ಹೋಲಿಸುವುದು ವಾಸಿ. ಕುರು ಒಂದು ದಿನ ಒಡೆಯುತ್ತದೆ. ಗಾಯವಾಯಿತು ಅಂದುಕೊಂಡು ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ. ನಾಳ ನಿಮಿಷಗಳಲ್ಲಿ ಮುಚ್ಚಿಹೋಗುತ್ತದೆ. ಅದೇ ಹಾರ್ಟ್ ಅಟ್ಯಾಕ್.

"ಹೋದ ತಿಂಗಳು ಟ್ರೆಡ್‌ಮಿಲ್ ಟೆಸ್ಟ್ ನಾರ್ಮಲ್ ಬಂದಿತ್ತಲ್ರೀ, ಈಗ ಹೆಂಗೆ?" ಅಂತ ಜನ ಕೇಳುತ್ತಾರೆ. ಆ ಟೆಸ್ಟ್ ಮುಖ್ಯವಾಗಿ ಹಿಡಿಯುವುದು ನಾಳ ಚೆನ್ನಾಗಿ ಕಿರಿದಾಗಿದ್ದರೆ. ಅರ್ಧಕ್ಕಿಂತ ಕಮ್ಮಿ ಕಟ್ಟಿದ ಕುರು ಸಹ ಒಡೆಯಬಹುದು. ಅದಕ್ಕೇ ಟೆಸ್ಟ್ ನಂಬಿ ಕೂರುವುದಕ್ಕಿಂತ ಕುರು ಆಗಲು ಕಾರಣವಾದದ್ದನ್ನು ತೆಗೆಯುವುದು ಜಾಣತನ.

ಕಾರಣಗಳು ಯಾವುವು? ಇದನ್ನು 52 ದೇಶಗಳಲ್ಲಿ ಹುಡುಕಿದ ಇಂಟರ್‌ಹಾರ್ಟ್ ಎಂಬ ದೊಡ್ಡ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮುಂದೆ ನಿಂತು ನಡೆಸಿದವರು ಸಲೀಂ ಯೂಸುಫ್, ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದವರು. ಮೊದಲ ಸಲ ಹಾರ್ಟ್ ಅಟ್ಯಾಕ್ ಆಗುವ ಅಪಾಯದಲ್ಲಿ ಶೇ. 90ಕ್ಕೂ ಹೆಚ್ಚು ಪಾಲಿಗೆ ಒಂಬತ್ತು ಅಂಶಗಳ ನಂಟಿದೆ ಅಂತ ಅದರಲ್ಲಿ ಕಂಡಿತು: ತಂಬಾಕು, ಕೆಟ್ಟ ಕೊಲೆಸ್ಟರಾಲ್, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ ತಿನ್ನದಿರುವುದು, ಮದ್ಯದ ಅಭ್ಯಾಸ, ಮೈ ಬಗ್ಗಿಸದಿರುವುದು. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಕಂಡಿತು. ಬೇರೆ ದೇಶದವರಿಗೆ ಮೊದಲ ಅಟ್ಯಾಕ್ ಸುಮಾರು 59ನೇ ವಯಸ್ಸಿಗೆ ಆದರೆ ನಮ್ಮ ಕಡೆಯ, ಅಂದರೆ ದಕ್ಷಿಣ ಏಷ್ಯಾದ ಜನಕ್ಕೆ ಸುಮಾರು 53ಕ್ಕೇ ಆಗುತ್ತಿತ್ತು. ಆರು ವರ್ಷ ಮುಂಚೆ. "ಐವತ್ತಾಗ್ಲಿ, ಆಮೇಲೆ ನೋಡಾಣ" ಅನ್ನುವವರು ಈ ಲೆಕ್ಕ ನೆನಪಿಡಿ.

ಹೆಜ್ಜೆ 1: ಮೊದಲು ಅಳತೆ

ಆಹಾರ ಬದಲಿಸುವ ಮೊದಲು, ಶೂ ಕೊಳ್ಳುವ ಮೊದಲು, ಅಳತೆ. ನಿಮ್ಮ ಬೇರು ಯಾವುದು ಅಂತ ಗೊತ್ತಿಲ್ಲದೆ ಯಾವುದನ್ನು ಕೀಳುತ್ತೀರಿ?

ಮೊದಲನೆಯದು ಟೈಲರ್ ಟೇಪು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುವೆ ಟೇಪು ಸುತ್ತಿ. ಉಸಿರು ಹೊರಗೆ ಬಿಟ್ಟು ನೋಡಿ. ಹೊಟ್ಟೆ ಒಳಗೆ ಎಳೆದುಕೊಂಡರೆ ಮೋಸ ಹೋಗುವವರು ನೀವೇ. ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗಡಿ. ಪ್ಯಾಂಟಿನ ಸೈಜು ಲೆಕ್ಕಕ್ಕಿಲ್ಲ, ಯಾಕೆಂದರೆ ಹೊಟ್ಟೆ ಬಂದ ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಹಾಕುತ್ತಾರೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಅನ್ನುವ ಮೈಕಟ್ಟು ನಮ್ಮಲ್ಲಿ ಬಹಳ. ತೂಕದ ಮಷೀನು ಅವರಿಗೆ ಏನೂ ಆಗಿಲ್ಲ ಅನ್ನುತ್ತದೆ. ಟೇಪು ಸುಳ್ಳು ಹೇಳುವುದಿಲ್ಲ.

ಎರಡನೆಯದು ಬಿಪಿ. ಅಂಗಡಿಗೆ ಬಿಸಿಲಲ್ಲಿ ನಡೆದು ಬಂದು, ನಿಂತಲ್ಲೇ ತೋಳು ಚಾಚಿ "ಸ್ವಲ್ಪ ನೋಡ್ರಿ" ಅಂದರೆ ಆ ಅಂಕಿಗೆ ಬೆಲೆ ಇಲ್ಲ. ಅರ್ಧ ಗಂಟೆ ಮುಂಚೆಯಿಂದ ಟೀ, ಕಾಫಿ, ಬೀಡಿ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ನೆ ಕೂರಿ. ಪಾದ ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಬೇಡ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಪಟ್ಟಿಯನ್ನು ಅಂಗಿಯ ಮೇಲಲ್ಲ, ಬರೀ ತೋಳಿಗೆ ಕಟ್ಟಿ. ಮಾತಾಡಬೇಡಿ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡರ ಸರಾಸರಿ ಬರೆದಿಡಿ. ಮೊದಲ ಸಲ ಎರಡೂ ತೋಳು ನೋಡಿ, ಯಾವುದರಲ್ಲಿ ಜಾಸ್ತಿ ಬಂತೋ ಮುಂದೆ ಅದನ್ನೇ ನೋಡಿ. 120/80ರ ಒಳಗಿದ್ದರೆ ಚೆನ್ನ. ಆಸ್ಪತ್ರೆಯಲ್ಲಿ ಮತ್ತೆ ಮತ್ತೆ 140/90, ಮನೆಯಲ್ಲಿ 135/85 ದಾಟಿದರೆ ಅದು ಬಿಪಿ ಕಾಯಿಲೆ. ತಲೆ ಸುತ್ತುವುದಿಲ್ಲ, ನೋವಿಲ್ಲ, ಹಾಗಾಗಿ ನನಗಿಲ್ಲ ಅನ್ನಬೇಡಿ. ಬಿಪಿ ಹೇಳಿ ಬರುವ ಕಾಯಿಲೆ ಅಲ್ಲ.

ಮೂರನೆಯದು ರಕ್ತ. ಖಾಲಿ ಹೊಟ್ಟೆಯ ಸಕ್ಕರೆ 100ರ ಒಳಗೆ ಇರಬೇಕು. 126 ಮತ್ತು ಮೇಲೆ ಹೋದರೆ ಸಕ್ಕರೆ ಕಾಯಿಲೆ. ನಡುವೆ ಇದ್ದರೆ ಗಡಿಯ ಮೇಲೆ ನಿಂತಿದ್ದೀರಿ. ಮೂರು ತಿಂಗಳ ಸಕ್ಕರೆ ಅಂತ ಕರೆಯುವ ಎಚ್‌ಬಿಎ1ಸಿ 5.7ರ ಒಳಗಿರಲಿ, 6.5 ಮುಟ್ಟಿದರೆ ಕಾಯಿಲೆ.

ರಕ್ತದ ಕೊಬ್ಬಿನ ಲಿಪಿಡ್ ರಿಪೋರ್ಟ್ ಬಂದಾಗ ಎಲ್ಲರೂ ಮೊದಲ ಸಾಲಿನ ಒಟ್ಟು ಕೊಲೆಸ್ಟರಾಲ್ ನೋಡಿ ಮಡಚಿಡುತ್ತಾರೆ. ಕೆಳಗೆ ನೋಡಿ. ಎಲ್‌ಡಿಎಲ್ ಬೇರೇನೂ ತೊಂದರೆ ಇಲ್ಲದವರಿಗೆ 100ರ ಒಳಗಿದ್ದರೆ ಒಳ್ಳೆಯದು. ಸಕ್ಕರೆ ಕಾಯಿಲೆ ಇರುವವರಿಗೆ ಡಾಕ್ಟರು 70ರ ಒಳಗೆ ತರಲು ನೋಡುತ್ತಾರೆ. ಒಮ್ಮೆ ಅಟ್ಯಾಕ್ ಆದವರಿಗೆ ಇನ್ನೂ ಕೆಳಗೆ. ಅಂದರೆ ರಿಪೋರ್ಟಿನಲ್ಲಿ ಅಚ್ಚಾದ "ನಾರ್ಮಲ್" ಎಲ್ಲರಿಗೂ ಒಂದೇ ಅಲ್ಲ. ಟ್ರೈಗ್ಲಿಸರೈಡ್ ಅನ್ನುವ ಇನ್ನೊಂದು ಕೊಬ್ಬು 150 ದಾಟಿ, ಒಳ್ಳೆಯ ಕೊಲೆಸ್ಟರಾಲ್ ಅನ್ನುವ ಎಚ್‌ಡಿಎಲ್ ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕೆಳಗಿದ್ದರೆ, ಜೊತೆಗೆ ಟೇಪೂ ದಾಟಿದ್ದರೆ, ನಿಮ್ಮ ಬೇರು ಅನ್ನ, ಸಕ್ಕರೆ, ಕೂತು ಮಾಡುವ ಕೆಲಸದ ಕಡೆ ಇದೆ ಅಂತ ತಿಳಿಯಿರಿ. ಬರೀ ಎಲ್‌ಡಿಎಲ್ ಜಾಸ್ತಿ ಇದ್ದರೆ ದಾರಿ ಬೇರೆ. ಇದನ್ನು ಮುಂದೆ ಹೇಳುತ್ತೇನೆ.

ಇನ್ನೊಂದು ಟೆಸ್ಟ್ ಇದೆ, ಲೈಪೋಪ್ರೋಟೀನ್-ಎ. ಎಲ್‌ಡಿಎಲ್ ಥರ ಕೊಬ್ಬು ಹೊರುವ ಇನ್ನೊಂದು ಕಣದ ಅಳತೆ ಅದು. ಹುಟ್ಟಿನಿಂದಲೇ ಬರುವಂಥದ್ದು, ಊಟದಿಂದ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಜೀವನದಲ್ಲಿ ಒಂದು ಸಲ ಮಾಡಿಸಿದರೆ ಸಾಕು. 50 ಮಿಲಿಗ್ರಾಂ ದಾಟಿದ್ದರೆ ಉಳಿದ ಕಾರಣಗಳ ವಿಷಯದಲ್ಲಿ ಬಿಗಿಯಾಗಿರಬೇಕು. ಮನೆಯಲ್ಲಿ ಅಪ್ಪ, ಅಣ್ಣ, ತಮ್ಮನಿಗೆ 55ರ ಒಳಗೆ, ಅಮ್ಮ, ಅಕ್ಕ, ತಂಗಿಗೆ 65ರ ಒಳಗೆ ಹೃದಯದ ತೊಂದರೆ ಬಂದಿದ್ದರೆ ಇದನ್ನು ಡಾಕ್ಟರ ಹತ್ತಿರ ಕೇಳಿ.

30 ದಾಟಿದವರಿಗೆ ಬಿಪಿ, ಸಕ್ಕರೆ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಖರ್ಚಿನ ನೆಪ ಬೇಡ.

ಹೆಜ್ಜೆ 2: ತಂಬಾಕು, ಯಾವ ರೂಪದಲ್ಲಿದ್ದರೂ

ಒಂಬತ್ತರಲ್ಲಿ ಒಂದನ್ನೇ ತೆಗೆಯಲು ಶಕ್ತಿ ಇದ್ದರೆ ಇದನ್ನು ತೆಗೆಯಿರಿ.

"ದಿನಕ್ಕೆ ಒಂದೋ ಎರಡೋ ಅಷ್ಟೇ" ಅನ್ನುವವರು ಬಹಳ. ಲೆಕ್ಕ ಹಾಗೆ ನಡೆಯುವುದಿಲ್ಲ. ದಿನಕ್ಕೆ ಇಪ್ಪತ್ತು ಸಿಗರೇಟು ಸೇದುವವರಿಗೆ ಎಷ್ಟು ಹೆಚ್ಚು ಅಪಾಯ ಇದೆಯೋ, ಒಂದು ಸೇದುವವರಿಗೆ ಅದರ ಹತ್ತಿರ ಹತ್ತಿರ ಅರ್ಧ ಇರುತ್ತದೆ. ಇಪ್ಪತ್ತರಲ್ಲಿ ಒಂದು ಪಾಲಲ್ಲ. ಕಮ್ಮಿ ಮಾಡುವುದರಿಂದ ಹೃದಯಕ್ಕೆ ಸಿಗುವ ಲಾಭ ಅಷ್ಟಕ್ಕಷ್ಟೇ, ಪೂರ್ತಿ ಬಿಡಬೇಕು. ಬಿಟ್ಟು ಒಂದು ವರ್ಷಕ್ಕೆ ಆ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಷ್ಟು ಬೇಗ ಫಲ ಕೊಡುವ ಬೇರೆ ಬದಲಾವಣೆ ಕಮ್ಮಿ.

ಗುಟ್ಕಾ ರಾಜ್ಯದಲ್ಲಿ 2013ರಿಂದ ನಿಷೇಧ. ಆದರೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಬಾಯಲ್ಲಿ ಎರಡೂ ಒಂದೇ. ಹೊಗೆ ಇಲ್ಲ ಅಂದ ಮಾತ್ರಕ್ಕೆ ನಿಕೋಟಿನ್ ಇಲ್ಲ ಅಂತಲ್ಲ. ಅದು ನಾಡಿ ಏರಿಸುತ್ತದೆ, ಬಿಪಿ ಏರಿಸುತ್ತದೆ. ಚನ್ನಗಿರಿ ಕಡೆಯ ನೆಂಟರು ಬೇಜಾರಾಗಬಾರದು, ಅಡಿಕೆಯೂ ಮೈಗೆ ಒಳ್ಳೆಯದಲ್ಲ. ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಅದಿದೆ. ಬೆಳೆ ಬೇರೆ, ಬಾಯಿ ಬೇರೆ.

ಬಿಡುವುದು ಹೇಗೆ? ಒಂದು ದಿನ ಗೊತ್ತು ಮಾಡಿ. ಊರ ಜಾತ್ರೆ, ಮದುವೆ ಇಲ್ಲದ ವಾರ ಆಗಿರಲಿ. ಆ ದಿನದ ಹಿಂದಿನ ರಾತ್ರಿ ಜೇಬು, ಗಾಡಿಯ ಡಿಕ್ಕಿ, ಕ್ಯಾಶ್ ಡ್ರಾಯರ್ ಎಲ್ಲ ಖಾಲಿ ಮಾಡಿ. ಮೊದಲ ಮೂರು ದಿನ ಕಷ್ಟ. ಆಸೆ ಎದ್ದರೆ ಕೆಲವೇ ನಿಮಿಷ ಇರುತ್ತದೆ, ಆಮೇಲೆ ಇಳಿಯುತ್ತದೆ. ಆ ನಿಮಿಷಗಳನ್ನು ದಾಟಿಸಲು ಏನಾದರೂ ಕೈಯಲ್ಲಿರಲಿ: ನೀರು, ಸೋಂಪು, ಲವಂಗ. ಮೆಡಿಕಲ್ ಶಾಪಿನಲ್ಲಿ ನಿಕೋಟಿನ್ ಗಮ್ ಸಿಗುತ್ತದೆ. ಅದನ್ನು ಬಬಲ್ ಗಮ್ ಥರ ಜಗಿಯಬಾರದು. ಖಾರ ಬರುವವರೆಗೆ ನಿಧಾನವಾಗಿ ಜಗಿದು ಕೆನ್ನೆಯ ಪಕ್ಕ ಇಟ್ಟುಕೊಳ್ಳಬೇಕು, ಖಾರ ಹೋದ ಮೇಲೆ ಮತ್ತೆ ಜಗಿಯಬೇಕು. ಎಲ್ಲರೂ ಇದನ್ನು ತಪ್ಪು ಮಾಡಿ "ಬಿಕ್ಕಳಿಕೆ ಬಂತು, ಕೆಲಸ ಮಾಡ್ಲಿಲ್ಲ" ಅನ್ನುತ್ತಾರೆ. ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356, ಉಚಿತ. ಮೊದಲ ಪ್ರಯತ್ನದಲ್ಲಿ ಬಿದ್ದರೆ ಎರಡನೆಯದು ಮಾಡಿ. ನನಗೆ ಗೊತ್ತಿರುವ ಮೆಕ್ಕೆಜೋಳದ ವ್ಯಾಪಾರಿಯೊಬ್ಬರು ನಾಲ್ಕನೇ ಸಲಕ್ಕೆ ಬಿಟ್ಟರು.

ಹೆಜ್ಜೆ 3: ಉಪ್ಪಿನ ಪಾಕೀಟಿನ ಮೇಲೆ ತಾರೀಖು

ಉಪ್ಪು ಜಾಸ್ತಿಯಾದರೆ ಬಿಪಿ ಏರುತ್ತದೆ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸುಮಾರು ಒಂದು ಟೀ ಚಮಚ. ಆದರೆ ಅಡುಗೆ ಮನೆಯಲ್ಲಿ ಯಾರು ಚಮಚ ಹಿಡಿದು ಅಳೆಯುತ್ತಾರೆ? ನಾನು ಬೇರೆ ಉಪಾಯ ಮಾಡಿದೆ. ನಮ್ಮ ಮನೆಯಲ್ಲಿ ನಾಲ್ಕು ಜನ. ಎಲ್ಲರಿಗೂ ಸೇರಿ ದಿನಕ್ಕೆ 20 ಗ್ರಾಂ. ಅಂದರೆ ಒಂದು ಕಿಲೋ ಪಾಕೀಟು 50 ದಿನ ಬರಬೇಕು. ಬಿಚ್ಚಿದ ದಿನ ಪಾಕೀಟಿನ ಮೇಲೆ ತಾರೀಖು ಬರೆದೆ. 27ನೇ ದಿನಕ್ಕೆ ಮನೆಯವಳು "ಉಪ್ಪು ತರ್ರಿ" ಅಂದಳು. ಅದೂ ಉಪ್ಪಿನಕಾಯಿ, ಹಪ್ಪಳ, ಹೊರಗಿನ ತಿಂಡಿ ಲೆಕ್ಕಕ್ಕೆ ಸೇರಿಸದೆ.

ಒಮ್ಮೆಲೇ ಅರ್ಧ ಮಾಡಿದರೆ ಮನೆಯಲ್ಲಿ ಜಗಳ. ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸಿ, ನಾಲಿಗೆ ಒಂದೆರಡು ತಿಂಗಳಲ್ಲಿ ಒಗ್ಗಿಕೊಳ್ಳುತ್ತದೆ. ರೊಟ್ಟಿ ಹಿಟ್ಟಿಗೆ, ಅನ್ನಕ್ಕೆ ಉಪ್ಪು ಬೇಡ. ಮಜ್ಜಿಗೆಗೆ ಉಪ್ಪಿನ ಬದಲು ಶುಂಠಿ, ಕರಿಬೇವು. ಉಪ್ಪಿನಕಾಯಿ ಊಟದ ಎಲೆಯಲ್ಲಿ ಚಮಚದ ತುದಿಯಷ್ಟು. ಮಂಡಕ್ಕಿ ಹಗುರ ಅಂತ ಎಲ್ಲರೂ ತಿನ್ನುತ್ತಾರೆ. ಅದಕ್ಕೆ ಭಟ್ಟಿಯಲ್ಲೇ ಉಪ್ಪು ಬಿದ್ದಿರುತ್ತದೆ. ಮೇಲೆ ಖಾರ ಮಂಡಕ್ಕಿಗೆ ಇನ್ನೊಂದು ಸುತ್ತು.

ಬಿಪಿ ಏರಿಸುವ ಸೋಡಿಯಂ ಅಂಶ ಕಮ್ಮಿ ಮಾಡಿ ಪೊಟ್ಯಾಸಿಯಂ ಸೇರಿಸಿದ ಉಪ್ಪು ಬಂದಿದೆ. ಬಿಪಿಗೆ ಅದು ಒಳ್ಳೆಯದೇ. ಆದರೆ ಕಿಡ್ನಿ ತೊಂದರೆ ಇರುವವರು, ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಬಳಸಬೇಡಿ.

ಅಂಗಡಿಯ ಒಳಗಿನ ಗುಟ್ಟು ಒಂದಿದೆ. ಬಿಪಿ ಏರಿಸುವ ಎಷ್ಟೋ ವಸ್ತು ನಮ್ಮ ಶೆಲ್ಫಿನಲ್ಲೇ ಇವೆ. ಗ್ಯಾಸ್‌ಗೆ ಅಂತ ನೀರಲ್ಲಿ ಹಾಕಿ ಕುಡಿಯುವ ನೊರೆ ಪುಡಿಯಲ್ಲಿ ಸೋಡಿಯಂ ತುಂಬಾ. ಮಂಡಿನೋವಿಗೆ ದಿನಾ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಬಿಪಿ ಏರಿಸುತ್ತವೆ, ಕಿಡ್ನಿಗೂ ಕೆಟ್ಟದ್ದು, ಹೃದಯಕ್ಕೂ ಕೆಟ್ಟದ್ದು. ಮೂಗು ಕಟ್ಟಿದಾಗ ತೆಗೆದುಕೊಳ್ಳುವ ಕೆಲವು ನೆಗಡಿ ಮಾತ್ರೆಗಳೂ ಅಷ್ಟೇ. ಬಿಪಿ ಇದೆ ಅಂತ ಮೊದಲೇ ಹೇಳಿ ಔಷಧಿ ಕೇಳಿ. ಕೌಂಟರ್ ಹಿಂದೆ ನಿಂತವನಿಗೆ ಅದು ಮುಖ ನೋಡಿ ಗೊತ್ತಾಗುವುದಿಲ್ಲ.

ಹೆಜ್ಜೆ 4: ಹೊಟ್ಟೆ ಕರಗಿಸಲು ತಟ್ಟೆ ಬದಲಿಸಿ

ಟೇಪು ದಾಟಿದವರಿಗೆ, ಟ್ರೈಗ್ಲಿಸರೈಡ್ ಜಾಸ್ತಿ ಬಂದವರಿಗೆ ಇದು ಮುಖ್ಯ ಹೆಜ್ಜೆ. ಹೊಟ್ಟೆಯ ಒಳಗೆ, ಯಕೃತ್ತಿನ ಸುತ್ತ ಕೊಬ್ಬು ಕೂತಾಗ ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ಮಾತು ಮೈ ಕೇಳುವುದಿಲ್ಲ. ಮೈ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಯುತ್ತದೆ. ಟ್ರೈಗ್ಲಿಸರೈಡ್ ಏರುತ್ತದೆ, ಎಚ್‌ಡಿಎಲ್ ಇಳಿಯುತ್ತದೆ, ಬಿಪಿ ಏರುತ್ತದೆ, ಕೊನೆಗೆ ಸಕ್ಕರೆ ಕಾಯಿಲೆ. ನಾಲ್ಕು ಕಾಯಿಲೆಗೆ ನಾಲ್ಕು ಮಾತ್ರೆ ಬರುತ್ತವೆ, ಬೇರು ಒಂದೇ.

ನಮ್ಮದು ಭತ್ತದ ಸೀಮೆ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ಅಥವಾ ದೋಸೆ, ಮಧ್ಯಾಹ್ನ ಅನ್ನ, ಸಂಜೆ ಮಂಡಕ್ಕಿ ಮಿರ್ಚಿ, ರಾತ್ರಿ ಮತ್ತೆ ಅನ್ನ. ನಾಲ್ಕೂ ಹೊತ್ತು ಅಕ್ಕಿಯೇ! ಮಂಡಕ್ಕಿ ಅಕ್ಕಿ ಅನ್ನುವುದು ನಮಗೆ ಮರೆತೇ ಹೋಗಿದೆ. ಹಿಂದೆ ಹೊಲದಲ್ಲಿ ದುಡಿದು ಬಂದವರು ತಿಂದದ್ದನ್ನು ಈಗ ಎಪಿಎಂಸಿ ಅಂಗಡಿಯಲ್ಲಿ ದಿನವಿಡೀ ಗಾದಿ ಮೇಲೆ ಕೂತವರು ತಿನ್ನುತ್ತಿದ್ದೇವೆ.

ತಟ್ಟೆಯಲ್ಲಿ ಮೊದಲು ಅರ್ಧ ಭಾಗಕ್ಕೆ ಪಲ್ಯ, ಸೊಪ್ಪು, ಸೌತೆಕಾಯಿ, ಮೂಲಂಗಿ ಬಡಿಸಿಕೊಳ್ಳಿ. ಆಲೂಗಡ್ಡೆ ಪಲ್ಯ ಈ ಲೆಕ್ಕಕ್ಕೆ ಬರುವುದಿಲ್ಲ. ಕಾಲು ಭಾಗ ಕಾಳು: ಹೆಸರು, ಹುರುಳಿ, ಅಲಸಂದಿ, ಮಡಕಿ. ಮಾಂಸ ತಿನ್ನುವವರು ಮೀನು ಅಥವಾ ಕೋಳಿ ಇಟ್ಟುಕೊಳ್ಳಬಹುದು. ಉಳಿದ ಕಾಲು ಭಾಗಕ್ಕೆ ಜೋಳದ ರೊಟ್ಟಿ, ಮುದ್ದೆ ಅಥವಾ ಅನ್ನ. ಪಲ್ಯ, ಕಾಳು ಮೊದಲು ತಿಂದು ಅನ್ನ ಕೊನೆಗೆ ತಿಂದರೆ ಸಕ್ಕರೆ ನಿಧಾನವಾಗಿ ಏರುತ್ತದೆ.

ಒಂದು ಭ್ರಮೆ ಬಿಡಿಸಬೇಕು. ರಾಗಿ ಮುದ್ದೆ, ಹೊಸದುರ್ಗದ ಸಾಮೆ, ನವಣೆ ಒಳ್ಳೆಯದೇ, ನಾರು ಜಾಸ್ತಿ. ಹಾಗಂತ ಎಷ್ಟು ತಿಂದರೂ ನಡೆಯುತ್ತದೆ ಅಂತಲ್ಲ. ಎರಡು ದೊಡ್ಡ ಮುದ್ದೆ ನುಂಗಿದರೆ ಸಕ್ಕರೆ ಏರಿಯೇ ಏರುತ್ತದೆ. ಸಿರಿಧಾನ್ಯ ಅನ್ನದ ಜಾಗಕ್ಕೆ ಬರಬೇಕು, ಅನ್ನದ ಜೊತೆಗೆ ಅಲ್ಲ. ಟೀ ಸಕ್ಕರೆ ನೋಡಿ: ದಿನಕ್ಕೆ ಐದು ಟೀ, ಒಂದೊಂದಕ್ಕೆ ಎರಡು ಚಮಚ ಅಂದರೆ ಅದೇ 40 ಗ್ರಾಂ. ದಿನಕ್ಕೆ 25ರ ಒಳಗಿದ್ದರೆ ವಾಸಿ. ಬೆಲ್ಲ ಹಾಕಿದರೂ ಲೆಕ್ಕ ಹೆಚ್ಚುಕಮ್ಮಿ ಅದೇ.

ಹೆಜ್ಜೆ 5: ಬೆಣ್ಣೆ ದೋಸೆಯ ಮಾತು

ಬಂದೇ ಬಂತು. ದಾವಣಗೆರೆಯವನಾಗಿ ಬೆಣ್ಣೆ ದೋಸೆ ಬಿಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಲೆಕ್ಕ ಮಾತ್ರ ಹೇಳುತ್ತೇನೆ. ಒಂದು ದೊಡ್ಡ ಚಮಚ ಬೆಣ್ಣೆ, ಅಂದರೆ 14 ಗ್ರಾಂನಲ್ಲಿ ಸುಮಾರು 7 ಗ್ರಾಂ ಸ್ಯಾಚುರೇಟೆಡ್ ಕೊಬ್ಬು ಇರುತ್ತದೆ. ಎಲ್‌ಡಿಎಲ್ ಏರಿಸುವುದು ಅದೇ. ದೊಡ್ಡವರೊಬ್ಬರಿಗೆ ದಿನಕ್ಕೆ 20 ಗ್ರಾಂ ಚಿಲ್ಲರೆ ಮಿತಿ. ಮೂರು ಚಮಚಕ್ಕೆ ಆ ದಿನದ ಪಾಲು ಮುಗಿಯಿತು. ಎರಡು ದೋಸೆ, ಮೇಲೊಂದು ಉಂಡೆ ಅಂದರೆ ನೀವೇ ಲೆಕ್ಕ ಹಾಕಿ. "ಶುದ್ಧ ಬೆಣ್ಣೆ ರೀ, ಏನೂ ಆಗಲ್ಲ" ಅನ್ನುವ ಮಾತು ನಾಳಕ್ಕೆ ಕೇಳಿಸುವುದಿಲ್ಲ. ನಾನು ತಿಂಗಳಿಗೆ ಒಂದು ಸಲ ತಿನ್ನುತ್ತೇನೆ, ಆ ದಿನ ಬೇರೆ ಕೊಬ್ಬು ಮುಟ್ಟುವುದಿಲ್ಲ. ಎಲ್‌ಡಿಎಲ್ ಏರಿದವರು, ಸ್ಟೆಂಟ್ ಹಾಕಿಸಿಕೊಂಡವರು ಅದನ್ನೂ ಡಾಕ್ಟರ ಹತ್ತಿರ ಮಾತಾಡಿಕೊಂಡೇ ತಿನ್ನಬೇಕು.

ನನಗೆ ದೋಸೆಗಿಂತ ಹೆದರಿಕೆ ಇರುವುದು ಮಿರ್ಚಿ ಬಾಣಲೆ ಬಗ್ಗೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಮೈಗಾಗದ ವಸ್ತುಗಳು ಹುಟ್ಟುತ್ತವೆ. ಅವುಗಳ ಪ್ರಮಾಣ ಶೇ. 25 ದಾಟಿದ ಎಣ್ಣೆ ಬಳಸಬಾರದು ಅಂತ ಆಹಾರ ಸುರಕ್ಷತೆಯ ನಿಯಮ 2018ರಿಂದ ಇದೆ. ಗಾಡಿಯ ಮುಂದೆ ನಿಂತ ನಮಗೆ ಅಳೆಯಲು ಆಗುವುದಿಲ್ಲ. ಎಣ್ಣೆ ಕಪ್ಪಗಾಗಿದ್ದರೆ, ಅಂಟಂಟಾಗಿದ್ದರೆ, ಮಿರ್ಚಿ ಬಿಡುವ ಮೊದಲೇ ನೊರೆ ಎದ್ದರೆ ಮುಂದಿನ ಗಾಡಿಗೆ ಹೋಗಿ. ವನಸ್ಪತಿಯಲ್ಲಿ ಮಾಡಿದ ಬೇಕರಿ ಪಫ್, ಕ್ರೀಮ್ ಬಿಸ್ಕತ್ತು ಸಹ ಇದೇ ಸಾಲು. 2022ರಿಂದ ಇಂಥವುಗಳಲ್ಲಿರುವ ಟ್ರಾನ್ಸ್ ಕೊಬ್ಬಿಗೆ ಶೇ. 2ರ ಮಿತಿ ಬಂದಿದೆ, ಆದರೂ ಅದು ತಿನ್ನಲೇಬೇಕಾದ ವಸ್ತುವೇನೂ ಅಲ್ಲ.

ಮನೆ ಎಣ್ಣೆ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್. ನಾಲ್ಕು ಜನಕ್ಕೆ ಎರಡು ಲೀಟರ್. ಶೇಂಗಾ ಎಣ್ಣೆ ಒಳ್ಳೆಯದು, ಚಳ್ಳಕೆರೆ ಪಕ್ಕದಲ್ಲೇ ಇರುವಾಗ ಅದಕ್ಕೆ ದೂರ ಹೋಗಬೇಕಿಲ್ಲ. ಸೂರ್ಯಕಾಂತಿ, ಸಾಸಿವೆ ಎಣ್ಣೆಯನ್ನು ಬದಲಿಸಿ ಬದಲಿಸಿ ಬಳಸಬಹುದು. ಪಾಮ್ ಎಣ್ಣೆ ಬೇಡ. ಶೇಂಗಾ ಚಟ್ನಿಪುಡಿ, ಅಗಸೆ ಚಟ್ನಿಪುಡಿ ನಮ್ಮ ಊಟದಲ್ಲೇ ಇವೆ. ಎರಡರಲ್ಲೂ ಇರುವುದು ಒಳ್ಳೆಯ ಕೊಬ್ಬು, ಉಪ್ಪು ಕಮ್ಮಿ ಹಾಕಿ ಮಾಡಿಕೊಳ್ಳಿ.

ಊಟ ಸರಿ ಮಾಡಿ ಮೂರು ತಿಂಗಳಾದರೂ ಎಲ್‌ಡಿಎಲ್ ಇಳಿಯದಿದ್ದರೆ ಅದು ಮನೆತನದಿಂದ ಬಂದದ್ದಿರಬಹುದು. 190 ದಾಟಿದ್ದರಂತೂ ಮೂರು ತಿಂಗಳು ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.

ಹೆಜ್ಜೆ 6: ನಡಿಗೆ

ವಾರಕ್ಕೆ 150 ನಿಮಿಷ. ಐದು ದಿನ, ಅರ್ಧರ್ಧ ಗಂಟೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಕುಂದವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ನಡೆಯುವವರಲ್ಲಿ ಅರ್ಧ ಜನ ಹಾಡಲೂ ಬಹುದು, ರಾಜಕೀಯ ಭಾಷಣ ಸಹ ಮಾಡಬಹುದು. ಅದು ನಡಿಗೆ ಅಲ್ಲ, ಸಭೆ. ಚಿತ್ರದುರ್ಗದವರಿಗೆ ಕೋಟೆ ಮೆಟ್ಟಿಲಿದೆ, ಚಂದ್ರವಳ್ಳಿ ಇದೆ, ಜಿಮ್ಮಿಗೆ ದುಡ್ಡು ಕೊಡುವ ಅಗತ್ಯವಿಲ್ಲ.

ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಬೀದಿಯಲ್ಲಿ ಅಡ್ಡಾಡಿ. ಊಟದ ನಂತರದ ಸಕ್ಕರೆ ಇಳಿಸಲು ಇಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ. ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ: ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು. ನಡೆಯುವಾಗ ಎದೆ ಬಿಗಿದು, ನಿಂತಾಗ ಹೋಗುವ ಹಾಗಿದ್ದರೆ ನಡಿಗೆ ನಿಲ್ಲಿಸಿ, ಅದೇ ದಿನ ಡಾಕ್ಟರನ್ನು ನೋಡಿ.

ಉಳಿದ ಸಣ್ಣಪುಟ್ಟ ಬೇರುಗಳು

ರಾತ್ರಿ ಏಳು ಗಂಟೆ ನಿದ್ದೆ. ಗೊರಕೆ ಜೋರಾಗಿ, ನಡುವೆ ಉಸಿರು ನಿಂತ ಹಾಗಾಗಿ, ಹಗಲು ಕೂತಲ್ಲೇ ತೂಕಡಿಸಿದರೆ ಅದೊಂದು ಕಾಯಿಲೆ, ಬಿಪಿ ಇಳಿಯದಿರಲು ಅದೂ ಕಾರಣ. ಗೊರಕೆ ಹೊಡೆಯುವವರಿಗೆ ಗೊತ್ತಾಗುವುದಿಲ್ಲ, ಮನೆಯವರನ್ನು ಕೇಳಿ. ಮದ್ಯ ಹೃದಯಕ್ಕೆ ಒಳ್ಳೆಯದು ಅನ್ನುವ ಮಾತನ್ನು ಕುಡಿಯದವರು ಯಾರೂ ಹೇಳಿದ್ದು ನಾನು ಕೇಳಿಲ್ಲ. ಹೊಗೆಯೂ ಒಂದು ಕಾರಣ: ಸೌದೆ ಒಲೆ, ಮಂಡಕ್ಕಿ ಭಟ್ಟಿ, ಹೈವೇ ಧೂಳು. ಭಟ್ಟಿಯಲ್ಲಿ ದುಡಿಯುವವರು ಗಾಳಿಯಾಡುವ ಕಡೆ ಕೆಲಸ ಮಾಡಿ, ಬಿಪಿಯನ್ನು ಬೇರೆಯವರಿಗಿಂತ ಹೆಚ್ಚು ಸಲ ನೋಡಿಸಿ. ಸಾಲ, ಬೆಳೆ ದರ, ಮಕ್ಕಳ ಸೀಟು ಅಂತ ಇರುವ ಚಿಂತೆಯನ್ನು ಬರಹ ಓದಿ ಬಿಡಲು ಆಗುವುದಿಲ್ಲ, ನನಗದು ಗೊತ್ತು. ಒಬ್ಬರ ಹತ್ತಿರವಾದರೂ ಹೇಳಿಕೊಳ್ಳಿ ಅನ್ನುವುದಷ್ಟೇ ನನ್ನ ಮಾತು.

ಅಕ್ಕಂದಿರಿಗೆ, ಅಮ್ಮಂದಿರಿಗೆ

ಅಂಗಡಿಗೆ ಗಂಡನ ಬಿಪಿ ಮಾತ್ರೆ, ಅತ್ತೆಯ ಸಕ್ಕರೆ ಮಾತ್ರೆ ತಪ್ಪದೆ ಒಯ್ಯುವ ಹೆಂಗಸರನ್ನು "ಅಕ್ಕಾ, ನಿಮ್ದು ಬಿಪಿ ಎಷ್ಟು?" ಅಂದರೆ ನಗುತ್ತಾರೆ. ನೋಡಿಸಿರುವುದಿಲ್ಲ. ಮುಟ್ಟು ನಿಂತ ಮೇಲೆ ಎಲ್‌ಡಿಎಲ್ ಏರುತ್ತದೆ, ಅಪಾಯವೂ ಏರುತ್ತದೆ. ಬಸಿರಿನಲ್ಲಿ ಬಿಪಿ ಅಥವಾ ಸಕ್ಕರೆ ಬಂದಿದ್ದರೆ, ಹೆರಿಗೆ ಆದ ಮೇಲೆ ಹೋಯಿತು ಅಂತ ಮರೆಯಬೇಡಿ. ಮುಂದೆ ಹೃದಯದ ತೊಂದರೆ ಬರುವ ಸಂಭವ ಅವರಿಗೆ ಜಾಸ್ತಿ. ಆ ಹಳೇ ಸಂಗತಿಯನ್ನು ಈಗಿನ ಡಾಕ್ಟರಿಗೆ ಹೇಳಬೇಕು, ಅವರಾಗಿಯೇ ಕೇಳದಿದ್ದರೂ.

ಹೆಜ್ಜೆ 7: ಮಾತ್ರೆ ಬರೆದುಕೊಟ್ಟಿದ್ದರೆ

"ಬಿಪಿ ನಾರ್ಮಲ್ ಬಂತು ಅಣ್ಣಾ, ಮಾತ್ರೆ ಬಿಟ್ಟೆ." ತಿಂಗಳಿಗೆ ಹತ್ತು ಸಲ ಕೇಳುತ್ತೇನೆ. ನಾರ್ಮಲ್ ಬಂದದ್ದು ಮಾತ್ರೆಯಿಂದ. ಕೊಡೆ ಹಿಡಿದಿದ್ದಕ್ಕೆ ನೆನೆಯಲಿಲ್ಲ, ಮಳೆ ನಿಂತಿಲ್ಲ. ಅರ್ಧ ಶೀಟ್ ಒಯ್ದು, ಮುಗಿದ ಮೇಲೆ ವಾರ ಬಿಟ್ಟು ಬರುವವರೂ ಬಹಳ. ದುಡ್ಡಿನ ತೊಂದರೆ ಇದ್ದರೆ ಜನೌಷಧಿ ಕೇಂದ್ರಗಳಲ್ಲಿ ಅದೇ ಔಷಧಿ ಕಡಿಮೆ ಬೆಲೆಗೆ ಸಿಗುತ್ತದೆ. ನನ್ನ ವ್ಯಾಪಾರ ಹೋದರೂ ಪರವಾಗಿಲ್ಲ, ಮಾತ್ರೆ ತಪ್ಪಿಸಬೇಡಿ.

ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಬಗ್ಗೆ ವಾಟ್ಸಾಪ್ ನೋಡಿ ಹೆದರಿದವರೇ ಹೆಚ್ಚು. ಕೆಲವರಿಗೆ ಮೈಕೈ ನೋವು ಬರುವುದುಂಟು. ಬಂದರೆ ಡಾಕ್ಟರಿಗೆ ಹೇಳಿ, ಡೋಸ್ ಅಥವಾ ಮಾತ್ರೆ ಬದಲಿಸುತ್ತಾರೆ. ತಾವೇ ನಿಲ್ಲಿಸಿದರೆ ಎಲ್‌ಡಿಎಲ್ ಕೆಲವೇ ವಾರಗಳಲ್ಲಿ ಹಳೇ ಜಾಗಕ್ಕೆ ಬರುತ್ತದೆ. ಇದಕ್ಕೆ ಉಲ್ಟಾ, ಯಾವ ತೊಂದರೆಯೂ ಇಲ್ಲದವರು "ರಕ್ತ ತೆಳು ಮಾಡೋ ಮಾತ್ರೆ ಕೊಡ್ರಿ" ಅಂತ ಆಸ್ಪಿರಿನ್ ಕೇಳುತ್ತಾರೆ. ದಿನಾ ನುಂಗಿದರೆ ಹೊಟ್ಟೆಯಲ್ಲಿ ರಕ್ತ ಸೋರುವ ಅಪಾಯ ಇದೆ. ಅದು ಎಲ್ಲರಿಗೂ ಅಲ್ಲ.

ಇಷ್ಟೆಲ್ಲ ಮಾಡಿಯೂ ಎದೆ ಹಿಡಿದರೆ

ಎದೆಯ ನಡುವೆ ಭಾರ, ಒತ್ತಿದ ಹಾಗೆ, ಉರಿ. ತೋಳು, ದವಡೆ, ಬೆನ್ನಿಗೆ ಹರಿಯುವ ನೋವು. ತಣ್ಣನೆ ಬೆವರು, ಏದುಸಿರು. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ ಇರಬಹುದು. ಗ್ಯಾಸೋ ಹಾರ್ಟೋ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಲು ಆಗುವುದಿಲ್ಲ. ಅದನ್ನು ಹೇಳುವುದು ಇಸಿಜಿ.

ಕೂರಿಸಿ, 108ಕ್ಕೆ ಫೋನ್ ಮಾಡಿ. ತಾವೇ ಬೈಕ್ ಓಡಿಸಿಕೊಂಡು ಹೋಗುವುದು ಬೇಡ. ಹಳ್ಳಿಯವರು ಜಿಲ್ಲಾ ಕೇಂದ್ರದವರೆಗೆ ಬರುವ ಮೊದಲು ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ. 46ನೇ ವಯಸ್ಸಿಗೇ ಹೋದ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳನ್ನು ಬೆಂಗಳೂರಿನ ಜಯದೇವದಂಥ ದೊಡ್ಡ ಕೇಂದ್ರಗಳಿಗೆ ಜೋಡಿಸಿದ್ದಾರೆ. ಇಲ್ಲಿ ತೆಗೆದ ಇಸಿಜಿಯನ್ನು ಅಲ್ಲಿ ನೋಡುತ್ತಾರೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಬೇಕಾದರೆ ಉಚಿತವಾಗಿ ಕೊಡುತ್ತಾರೆ. ನೋವು ಶುರುವಾದ ಮೊದಲ ಒಂದೆರಡು ಗಂಟೆಯಲ್ಲಿ ಅದರ ಲಾಭ ಬಹಳ, ಆಮೇಲೆ ಗಂಟೆಗಂಟೆಗೆ ಕಮ್ಮಿ.

ಮೊದಲ ಇಸಿಜಿ ನಾರ್ಮಲ್ ಬಂದರೂ ನೋವು ಹೋಗದಿದ್ದರೆ ಮನೆಗೆ ಬರಬೇಡಿ. ಇನ್ನೊಮ್ಮೆ ತೆಗೆಸಿ ಅಂತ ಕೇಳಿ, ಹೃದಯಕ್ಕೆ ಪೆಟ್ಟಾಗಿದೆಯಾ ಅಂತ ತೋರಿಸುವ ಟ್ರೊಪೋನಿನ್ ರಕ್ತ ಪರೀಕ್ಷೆ ಬೇಕಾ ಅಂತಲೂ ಕೇಳಿ. ಅರ್ಧ ಗಂಟೆ ಹಿಂದೆ ಕಾಣದ್ದು ಈಗ ಕಾಣಬಹುದು. ಚೆನ್ನಾಗಿರುವಾಗ ತೆಗೆಸಿದ ಹಳೇ ಇಸಿಜಿ ಇದ್ದರೆ ಜೊತೆಗೆ ಒಯ್ಯಿರಿ, ಹೋಲಿಸಿ ನೋಡಲು ಡಾಕ್ಟರಿಗೆ ಅದು ಬೇಕು. ಆ ಕಾಗದದ ಮೇಲಿನ ಗೆರೆ ವರ್ಷ ಕಳೆದ ಹಾಗೆ ಮಾಸುತ್ತದೆ. ಒಂದು ಜೆರಾಕ್ಸ್ ಮಾಡಿಸಿ, ರೇಷನ್ ಕಾರ್ಡ್, ಆಧಾರ್ ಇಡುವ ಕವರಿನಲ್ಲೇ ಇಟ್ಟಿರಿ.